ಬ್ರೆಝಾ ಛಲೋನ ಐತಿ ಕಾಕಾ, ಆದ್ರ ಈ ಬ್ರೆಝಾ?

ಹುಬ್ಬಳ್ಳಿಯಲ್ಲಿ ನಮ್ಮ ಕಾಕಾ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಿದ್ದಾರೆ. ಗೋಕುಲ ರೋಡಿನಲ್ಲಿ ಒಂದು ಮಾರುತಿ ಬ್ರೆಝಾ, ಹಾವೇರಿಯಲ್ಲಿ ಒಂದು ಡೀಸೆಲ್ ಹ್ಯುಂಡೈ ಕ್ರೆಟಾ ನೋಡಿ ಬಂದು ಫೋಟೊ ಕಳಿಸಿದ್ದರು. ಆಮೇಲೆ ಫೋನು: "ನೀ ಇಂಗ್ಲೆಂಡಿನ್ಯಾಗ ಹಳೇ ಗಾಡಿ ತೊಗೊಂಡಾಕಿ. ಹೇಳವಾ, ಯಾವ ಕಂಪನಿದು ಬಾಳಿಕಿ ಬರ್ತೈತಿ?"

ನಾನಿರುವ ನ್ಯೂಕ್ಯಾಸಲ್ ಕಡೆ ಹಳೆ ಕಾರು ಕೊಳ್ಳುವವರು ಮೊದಲು ಕೇಳುವುದು ನಂಬರ್ ಪ್ಲೇಟು. ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಎಂಬ ಪರೀಕ್ಷೆ ಆಗಲೇಬೇಕು. ಬ್ರೇಕು, ಸ್ಟಿಯರಿಂಗು, ಟೈರು, ದೀಪ, ಹೊಗೆ, ಅಡಿಯ ತುಕ್ಕು ಎಲ್ಲವನ್ನೂ ನೋಡುತ್ತಾರೆ. ಫಲಿತಾಂಶ ಸರ್ಕಾರದ ವೆಬ್‌ಸೈಟಿನಲ್ಲಿ ಇರುತ್ತದೆ. ನಂಬರ್ ಹಾಕಿದರೆ ಸಾಕು, ಯಾರು ಬೇಕಾದರೂ ಪುಕ್ಕಟೆ ಓದಬಹುದು: ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದರಲ್ಲಿ ಫೇಲಾಯಿತು, ಪಾಸಾದರೂ ಯಾವುದರ ಬಗ್ಗೆ ಎಚ್ಚರಿಕೆ ಕೊಟ್ಟರು. ಮೀಟರ್ ತಿರುವಿದ್ದರೆ ಹೋದ ವರ್ಷಕ್ಕಿಂತ ಈ ವರ್ಷದ ಮೈಲಿ ಕಡಿಮೆಯಾಗಿ ಅಲ್ಲೇ ಸಿಕ್ಕಿಬೀಳುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಎಚ್ಚರಿಕೆಯ ಸಾಲುಗಳು. ಆಸ್ಪತ್ರೆಯ ರಾತ್ರಿ ಪಾಳಿಗೆ ಹೋಗಲು ಗಾಡಿ ಬೇಕಿತ್ತು, ಒಂದು ಸಣ್ಣ ಎಸ್‌ಯುವಿ ಕಣ್ಣಿಗೆ ಬಿದ್ದಿತ್ತು. ಒಳಗೆ ಹೊರಗೆ ಫಳಫಳ. ದಾಖಲೆ ತೆಗೆದರೆ "ಬ್ರೇಕ್ ಪೈಪಿಗೆ ತುಕ್ಕು" ಎಂಬ ಮಾತು ಒಂದು ವರ್ಷ ಬಂದಿದೆ, ಮರುವರ್ಷ ಮತ್ತೆ ಅದೇ ಮಾತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ, ತುಕ್ಕು ಹಿಡಿಯುವುದು ಸಹಜ. ಆದರೆ ಬ್ರೇಕಿನ ಎಚ್ಚರಿಕೆಯನ್ನೇ ವರ್ಷವಿಡೀ ಸರಿಸಿಟ್ಟ ಮಾಲೀಕ ಇಂಜಿನ್ ಎಣ್ಣೆ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನೆಯೇ? ಬಿಟ್ಟುಬಿಟ್ಟೆ.

ಇನ್ನು ಕಂಪನಿ ಹೆಸರಿನ ಮಾತು. ಪಕ್ಕದ ಸಂಡರ್‌ಲ್ಯಾಂಡಿನಲ್ಲಿ 1986ರಿಂದ ನಿಸಾನ್ ಕಾರ್ಖಾನೆ ಇದೆ, ಜೂಕ್ ಮತ್ತು ಕಶ್ಕಾಯ್ ಅಲ್ಲೇ ತಯಾರಾಗುತ್ತವೆ. ಹಾಗಾಗಿ ಈ ಭಾಗದಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯ ಉಂಟು. ನಮ್ಮ ವಾರ್ಡಿನ ಮಲಯಾಳಿ ಸಿಸ್ಟರ್‌ಗಳಂತೂ ಟೊಯೋಟಾ ಬಿಟ್ಟು ಬೇರೆ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾರೆ. ಅಭಿಪ್ರಾಯಗಳು ಸುಳ್ಳಲ್ಲ, ಆದರೆ ಅರ್ಧ. ಫೋರ್ಡಿನ 1.0 ಇಕೊಬೂಸ್ಟ್ ಮತ್ತು ಪೂಜೊ-ಸಿಟ್ರೊಯೆನ್‌ನ 1.2 ಪ್ಯೂರ್‌ಟೆಕ್ ಇಂಜಿನ್‌ಗಳ ಹಳೆಯ ಮಾದರಿಗಳಲ್ಲಿ ಟೈಮಿಂಗ್ ಬೆಲ್ಟು, ಅಂದರೆ ಇಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಪಟ್ಟಿ, ಎಣ್ಣೆಯಲ್ಲೇ ನೆನೆದು ತಿರುಗುತ್ತದೆ. ಬೆಲ್ಟು ಹಣ್ಣಾದರೆ ಅದರ ಚೂರುಗಳು ಎಣ್ಣೆ ಹೀರುವ ಜಾಲರಿಗೆ ಕಟ್ಟಿಕೊಳ್ಳುತ್ತವೆ, ಎಣ್ಣೆಯ ಒತ್ತಡ ಬೀಳುತ್ತದೆ, ಕೊನೆಗೆ ಇಂಜಿನ್ನೇ ಹೋಗುತ್ತದೆ. ಅದೇ ಕಂಪನಿಗಳ ಬೇರೆ ಎಷ್ಟೋ ಇಂಜಿನ್‌ಗಳಿಗೆ ಈ ತಂಟೆಯಿಲ್ಲ. ಹಾಗಾಗಿ ಕಂಪನಿಗಿಂತ ಮುಂದೆ ಹೋಗಿ ಯಾವ ಇಂಜಿನ್, ಯಾವ ವರ್ಷದ್ದು, ಎಣ್ಣೆ ಯಾವಾಗ ಬದಲಿಸಿದ್ದಾರೆ ಎಂದು ಕೇಳಬೇಕಾಗುತ್ತದೆ.

ಕಾಕಾನ ಬ್ರೆಝಾಕ್ಕೂ ಇದೇ ಮಾತು. 2016ರಲ್ಲಿ ಬಂದಾಗ ಅದಕ್ಕೆ ಇದ್ದದ್ದು 1.3 ಡೀಸೆಲ್ ಒಂದೇ. 2020ರಲ್ಲಿ ಡೀಸೆಲ್ ತೆಗೆದು 1.5 ಪೆಟ್ರೋಲ್ ಹಾಕಿದರು. ಹೆಸರೊಂದೇ, ಇಂಜಿನ್ ಎರಡು. "ಬ್ರೆಝಾ ಛಲೋ" ಎಂದು ಹೇಳುವ ನೆರೆಮನೆಯವರ ಬಳಿ ಯಾವುದಿದೆ ಅಂತ ಮೊದಲು ಕೇಳಬೇಕು.

"ಅಲ್ಲೇನ ಬಿಡವಾ, ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ. ಇಲ್ಲಿ ನಮಗ ಯಾರ್ ತೋರಸ್ತಾರ?" ಅಂದರು ಕಾಕಾ. ಅದು ಖರೆ. ಆದರೆ ನಮ್ಮಲ್ಲೂ ಕಾಗದಗಳು ಮಾತಾಡುತ್ತವೆ. ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಇನ್ಶೂರೆನ್ಸ್ ಪಾಲಿಸಿ, ಯಾರೂ ಅದನ್ನು ಹಾಗೆ ಓದುವುದಿಲ್ಲ ಅಷ್ಟೇ. ಕ್ಲೇಮ್ ಮಾಡದೆ ವರ್ಷ ಕಳೆದಂತೆ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ 20, 25, 35, 45, 50 ಶೇಕಡಾ ಎಂದು ಏರುತ್ತದೆ. ಕ್ಲೇಮ್ ಆಯಿತೋ, ಸೊನ್ನೆಗೆ ಇಳಿಯುತ್ತದೆ. ಐದಾರು ವರ್ಷದ ಗಾಡಿ, ಮಾಲೀಕ "ಒಂದ್ ಗೀರೂ ಬಿದ್ದಿಲ್ರಿ" ಅನ್ನುತ್ತಾನೆ, ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದೆ ಅಂದರೆ ಕೂತು ಮಾತಾಡಬೇಕಾಗುತ್ತದೆ. ಬರಿ ಬಂಪರ್ ಬದಲಿಸಿದ್ದಕ್ಕೂ ಕ್ಲೇಮ್ ಆಗಿರಬಹುದು, ಅದಕ್ಕೇ ಶೋರೂಮಿನ ಸರ್ವಿಸ್ ದಾಖಲೆಯ ಜೊತೆ ಇಟ್ಟು ನೋಡುವುದು. ಮಾಲೀಕನನ್ನೇ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದರೆ ತೆಗೆದು ಕೊಡುತ್ತಾರೆ. ಅವನು ಬರಲು ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಎನ್‌ಓಸಿ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ ಎಂದೂ ಹೇಳಿದೆ.

ಮೀಟರಿಗೆ ಸಾಕ್ಷಿ ಟೈರು. ಅದರ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದೆ, ನಾಲ್ಕೂ ಟೈರು ಗಾಡಿಗಿಂತ ಹೊಸವು ಎಂದರೆ ಹಳೆಯವು ಎಲ್ಲಿ ಸವೆದವು? ಬ್ರೇಕ್ ಪೆಡಲ್ಲಿನ ರಬ್ಬರನ್ನೂ ನೋಡಿ, ಓಟ ಹೆಚ್ಚಿದ್ದರೆ ಅದೂ ಸವೆದಿರುತ್ತದೆ.

ಹಾಗಂತ ಓಟ ಕಡಿಮೆ ಇದ್ದದ್ದೇ ಛಲೋ ಗಾಡಿ ಅಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಡೀಸೆಲ್ ಕೊಂಡ ಎಷ್ಟೋ ಜನ ದುಡ್ಡು ತೆತ್ತು ಕಲಿತಿದ್ದಾರೆ. ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸಮ ಓಡಿದರೆ ಅದು ಕಾದು ಮಸಿ ಸುಟ್ಟುಹೋಗುತ್ತದೆ. ಬರಿ ಊರೊಳಗೇ ಓಡಾಡಿದರೆ ಕಟ್ಟಿಕೊಳ್ಳುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಜಾರಿಯಾದ ಮೇಲೆ ನಮ್ಮ ಡೀಸೆಲ್ ಕಾರುಗಳಲ್ಲೂ ಇದು ಬಂದಿದೆ. ದಿನಾ ಹಾವೇರಿ–ಹುಬ್ಬಳ್ಳಿ ಹೈವೇ ಓಡಿ ತೊಂಬತ್ತು ಸಾವಿರ ಮುಟ್ಟಿದ ಕ್ರೆಟಾ, ದುರ್ಗದಬೈಲ್, ದಾಜಿಬಾನಪೇಟೆಯ ಸಂದಣಿಯಲ್ಲಿ ಮೊದಲ ಗೇರಿನಲ್ಲೇ ಮೂವತ್ತು ಸಾವಿರ ತೆವಳಿದ ಕ್ರೆಟಾಕ್ಕಿಂತ ನನ್ನ ಪ್ರಕಾರ ಮೇಲು. ಕ್ಲಚ್ಚಿನ ಲೆಕ್ಕವೂ ಹಾಗೆಯೇ. ಕಾಕಾ ಇದನ್ನು ಒಪ್ಪಲಿಲ್ಲ. ತೊಂಬತ್ತು ಸಾವಿರ ಅಂದ ಕೂಡಲೇ ಅವರಿಗೆ ಗಾಡಿ ಮುದುಕ ಆದಂತೆ.

ಉಪ್ಪು ನಮ್ಮಲ್ಲಿಲ್ಲ, ಎರಿಮಣ್ಣು ಇದೆ. ನವಲಗುಂದ, ರೋಣದ ಕಡೆ ಹೊಲದ ದಾರಿ ತುಳಿದ ಗಾಡಿಯ ಅಡಿಗೆ ಬಗ್ಗಿ ನೋಡಿದರೆ ಒಣಗಿದ ಕರಿ ಮಣ್ಣು ಸಂದಿಗೊಂದಿಯಲ್ಲಿ ಕೂತಿರುತ್ತದೆ. ಅದು ತಪ್ಪೇನಲ್ಲ, ಸಸ್ಪೆನ್ಶನ್ನಿನ ರಬ್ಬರ್ ಬುಶ್‌ಗಳನ್ನು ಚೆನ್ನಾಗಿ ನೋಡಿಸಿದರಾಯಿತು. ಬೆಣ್ಣಿಹಳ್ಳ ಉಕ್ಕಿ ಹರಿದಾಗ ನೀರಲ್ಲಿ ನಿಂತ ಗಾಡಿಯ ಮಾತು ಬೇರೆ. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿ. ಸೀಟು, ಕಾರ್ಪೆಟ್ಟು ತೊಳೆದವರೂ ಅಲ್ಲಿಯ ಕೆಸರಿನ ಗೆರೆ ಮರೆತಿರುತ್ತಾರೆ. ಹಿಂದಿನ ಡಿಕ್ಕಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಘಾಟು ಹೊಡೆದರೆ ಹೆದರಬೇಕಿಲ್ಲ, ಸೀನು ಬಂದೀತು ಅಷ್ಟೇ.

ಇಲ್ಲಿ ಇಂಗ್ಲೆಂಡಿನಲ್ಲಿ ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ಮಾರುವಾಗಲೇ ದೋಷವಿತ್ತು ಎಂದಾದರೆ 30 ದಿನದೊಳಗೆ ತಿರುಗಿ ಕೊಟ್ಟು ಹಣ ಕೇಳುವ ಹಕ್ಕನ್ನು 2015ರ ಗ್ರಾಹಕ ಕಾನೂನು ಕೊಟ್ಟಿದೆ. ಗೋಕುಲ ರೋಡಿನಲ್ಲಿ ಅಂಥದ್ದನ್ನು ನಂಬಿ ಕೂರುವಂತಿಲ್ಲ, ಮೊದಲೇ ನೋಡಿಕೊಳ್ಳಬೇಕು. ಮಾರುವವನ ಮಿಸ್ತ್ರಿ ಬೇಡ, ನಮ್ಮ ಮಿಸ್ತ್ರಿಯನ್ನೇ ಒಯ್ಯಿರಿ. ಬೆಳಿಗ್ಗೆ ಹೇಳದೆ ಹೋಗಿ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಇಂಜಿನ್ನಿನ ಮೊದಲ ಸದ್ದಿನಲ್ಲಿ, ಮೊದಲ ಹೊಗೆಯಲ್ಲಿ ಗೊತ್ತಾಗುವುದು ಆಮೇಲೆ ಗೊತ್ತಾಗುವುದಿಲ್ಲ.

ಕಾಕಾ ಎಲ್ಲ ಕೇಳಿಸಿಕೊಂಡು, "ಇಷ್ಟೆಲ್ಲಾ ಕೇಳಿದ್ರ ಅವ ಗಾಡೀನ ಕೊಡೂದಿಲ್ಲ ತಗಿ" ಅಂದರು. ಆದರೂ ಮರುದಿನ ಬ್ರೆಝಾದ ಪಾಲಿಸಿಯ ಫೋಟೊ ಬಂತು, ಬೋನಸ್ 45 ಶೇಕಡಾ. ಕ್ರೆಟಾದವರು ಪಾಲಿಸಿ ಮನೆಯಲ್ಲಿಲ್ಲ ಅಂತಿದ್ದಾರಂತೆ.