ದುಡ್ಡು ಕ್ರಿಕೆಟ್ಟನ್ನು ಕೆಡಿಸ್ತಾ? ಸ್ಕೋರ್ ಬರೆಯುವವನ ಉತ್ತರ

ಭಾನುವಾರ ಬಂದರೆ ನಾನು ಬೆಂಗಳೂರಿನ ಯಾವುದಾದರೂ ಮೈದಾನದಲ್ಲಿ ಶಾಮಿಯಾನದ ಕೆಳಗೆ ಲೀಗ್ ಪಂದ್ಯದ ಸ್ಕೋರ್ ಬರೆಯುತ್ತಾ ಕೂತಿರುತ್ತೇನೆ. ಅದು ಗೊತ್ತಿರುವವರೆಲ್ಲ ಕೇಳುವುದು ಒಂದೇ. "ಐಪಿಎಲ್ ದುಡ್ಡು ಬಂದು ಕ್ರಿಕೆಟ್ ಕೆಟ್ಟುಹೋಯ್ತು, ಅಲ್ವಾ?" ಕೇಳುವವರಿಗೆ ಬೇಕಾಗಿರುವುದು ‘ಹೌದು’. ನನಗೆ ಅಷ್ಟು ಸಲೀಸಾಗಿ ಹೌದು ಅನ್ನೋಕೆ ಬಾಯಿ ಬರಲ್ಲ.

ದುಡ್ಡಿಲ್ಲದ ಕಾಲ ಹೇಗಿತ್ತು? 1983ರಲ್ಲಿ ವಿಶ್ವಕಪ್ ಗೆದ್ದು ಬಂದವರಿಗೆ ಬಹುಮಾನ ಕೊಡಲು ಮಂಡಳಿಯ ಹತ್ತಿರ ಕಾಸಿರಲಿಲ್ಲ. ದೆಹಲಿಯಲ್ಲಿ ಲತಾ ಮಂಗೇಶ್ಕರ್ ಹಾಡಿದರು, ಅದರಿಂದ ಬಂದ ದುಡ್ಡಲ್ಲಿ ತಲಾ ಒಂದು ಲಕ್ಷ ಕೊಟ್ಟರು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದ ನಮ್ಮ ರೋಜರ್ ಬಿನ್ನಿಗೂ ಅಷ್ಟೇ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮಹಿಳಾ ತಂಡದ ನಾಯಕಿಯಾಗಿದ್ದ ಶಾಂತಾ ರಂಗಸ್ವಾಮಿಯವರ ಕಾಲದಲ್ಲಿ ಕಿಟ್ ಹೊತ್ತುಕೊಂಡು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಓಡಾಡುತ್ತಿದ್ದರು. 2023ರಲ್ಲಿ ಮಹಿಳೆಯರ ಐಪಿಎಲ್ ಅನ್ನಬಹುದಾದ ಡಬ್ಲ್ಯುಪಿಎಲ್ ಹರಾಜಿನಲ್ಲಿ ಸ್ಮೃತಿ ಮಂಧಾನಗೆ ಆರ್‌ಸಿಬಿ 3.4 ಕೋಟಿ ಕೊಟ್ಟಿತು. ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರು ಆ ಬೋಗಿಯಲ್ಲಿ ಒಂದು ರಾತ್ರಿ ಕೂತು ಬರಲಿ.

ಹಾಗಾದರೆ ಏನೂ ಕೆಡಲಿಲ್ವಾ? ಕೆಟ್ಟಿದೆ. ಆದರೆ ನನ್ನ ತಕರಾರು ದುಡ್ಡಿನ ಮೇಲಲ್ಲ. ಯಾವ ಆಟ ಮೊದಲು, ಯಾವುದು ಆಮೇಲೆ ಅಂತ ದುಡ್ಡೇ ತೀರ್ಮಾನ ಮಾಡುತ್ತಲ್ಲ, ಅದರ ಮೇಲೆ. ರಾಜ್ಯ ತಂಡಗಳು ದಿನಗಟ್ಟಲೆ ಆಡುವ, 1934ರಲ್ಲಿ ಶುರುವಾದ ರಣಜಿ ಟ್ರೋಫಿ ಎರಡನೇ ಮಹಾಯುದ್ಧದಲ್ಲೂ ನಿಂತಿರಲಿಲ್ಲ. ಮೊದಲ ಸಲ ನಿಂತಿದ್ದು 2020-21ರಲ್ಲಿ, ಕೊರೊನಾದಿಂದ. ಅದೇ ಕೊರೊನಾದಲ್ಲಿ ಐಪಿಎಲ್ ವಿಮಾನ ಹತ್ತಿ ಯುಎಇಗೆ ಹೋಯ್ತು. ನಾಲ್ಕು ದಿನದ ಪಂದ್ಯ ಆಡಿಸೋದು ಆಗ ಕಷ್ಟವಿತ್ತು, ಒಪ್ಪಿದೆ. ಆದರೆ ದೇಶದೊಳಗೆ ಮೊದಲು ಆಡಿಸಿದ್ದು ಯಾವುದು? ಟಿ20ಯ ಮುಷ್ತಾಕ್ ಅಲಿ ಟ್ರೋಫಿ, ಜನವರಿಯಲ್ಲಿ. ಫೆಬ್ರವರಿಯಲ್ಲಿ ಐಪಿಎಲ್ ಹರಾಜು. ದನದ ಜಾತ್ರೆಗೆ ಮುಂಚೆ ಎತ್ತಿನ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿದ ಹಾಗೆ.

ಇನ್ನೊಂದು ಲೆಕ್ಕ. 2023ರಿಂದ ಐದು ವರ್ಷದ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯ್ತು, ಒಟ್ಟು 410 ಪಂದ್ಯ ಅಂತ ಹಿಡಿದು. ಸುಮ್ನೆ ಕೂತು ಭಾಗಿಸಿದೆ. ಒಂದು ಪಂದ್ಯಕ್ಕೆ 118 ಕೋಟಿ. ಒಂದು ಎಸೆತಕ್ಕೆ ಹೆಚ್ಚುಕಮ್ಮಿ 49 ಲಕ್ಷ! ಅಷ್ಟು ಕೊಟ್ಟ ಎಸೆತದಲ್ಲಿ ಏನೂ ನಡೆಯದಿದ್ದರೆ ಕೊಂಡವನ ಹೊಟ್ಟೆ ಉರಿಯಲ್ವಾ? ಅದಕ್ಕೇ ಬೌಂಡರಿ ಹಗ್ಗ ಒಳಗೆ ಬಂತು. ಪಂದ್ಯದ ನಡುವೆ ಒಬ್ಬನ ಬದಲಿಗೆ ಇಳಿಯುವ ಇಂಪ್ಯಾಕ್ಟ್ ಪ್ಲೇಯರ್ ಅಂತ ಹನ್ನೆರಡನೆಯವನೂ ಬಂದ.

ನನ್ನ ಪುಸ್ತಕದಲ್ಲಿ ರನ್ ಬಾರದ ಎಸೆತಕ್ಕೆ ಒಂದು ಚುಕ್ಕಿ. ಆರು ಎಸೆತದಲ್ಲೂ ರನ್ ಬಾರದೆ ಮೇಡನ್ ಓವರ್ ಆದರೆ ಎರಡು ಸಾಲಲ್ಲಿ ಮೂರು ಮೂರು ಚುಕ್ಕಿ ಇಟ್ಟು, ಗೆರೆ ಎಳೆದು ಕೂಡಿಸಿ ಇಂಗ್ಲಿಷಿನ ‘ಎಂ’ ಮಾಡುತ್ತೇವೆ. ಥೇಟ್ ಚುಕ್ಕಿ ರಂಗೋಲಿ. ಇಡೀ ಪುಟದಲ್ಲಿ ನನಗೆ ಇಷ್ಟವಾದ ಗುರುತು ಅದೇ. 2023ರ ಪ್ಲೇಆಫ್ ಪಂದ್ಯಗಳಲ್ಲಿ ಟೀವಿಯಲ್ಲಿ ಆ ಚುಕ್ಕಿಯ ಜಾಗಕ್ಕೆ ಪುಟ್ಟ ಹಸಿರು ಮರ ಬಂತು. ಒಂದು ಡಾಟ್ ಬಾಲ್‌ಗೆ 500 ಸಸಿ ನೆಡುತ್ತೇವೆ ಅಂದರು. ಒಳ್ಳೇ ಕೆಲಸವೇ. ಆದರೂ ನಗು ಬಂತು. ಏನೂ ನಡೆಯದ ಎಸೆತಕ್ಕೂ ಕೊನೆಗೆ ಪ್ರಾಯೋಜಕರು ಸಿಕ್ಕರಲ್ಲ!

ಹೋದ ವರ್ಷ ಹುಡುಗರ ಒಂದು ಪಂದ್ಯದಲ್ಲಿ ಎಡಗೈ ಸ್ಪಿನ್ನರ್ ಒಬ್ಬ ನಾಲ್ಕು ಮೇಡನ್ ಹಾಕಿದ. ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬಿಡುತ್ತಿದ್ದ. ಬ್ಯಾಟ್ಸ್‌ಮನ್ ಮುಂದೆ ಹೆಜ್ಜೆ ಇಡಲೋ ಬೇಡವೋ ಅಂತ ನಿಂತಲ್ಲೇ ಒದ್ದಾಡುತ್ತಿದ್ದ. ಟೀ ಹೊತ್ತಿಗೆ ಹುಡುಗನ ಅಪ್ಪ ನನ್ನ ಮೇಜಿನ ಹತ್ತಿರ ಬಂದರು.

"ಸರ್, ಇವನು ಸಿಕ್ಸ್ ಹೊಡೆದಿರೋ ವಿಡಿಯೋ ಇದೆ. ಐಪಿಎಲ್ ಟೀಮ್‌ನವರು ಯಾರಾದ್ರೂ ಗೊತ್ತಾ ನಿಮಗೆ?"

"ಬೌಲಿಂಗ್‌ದು ಇಲ್ವಾ?" ಅಂದೆ.

"ಅದರಲ್ಲಿ ಏನೂ ಆಗಲ್ವಲ್ಲ ಸರ್."

ಅವರು ಆ ಕಡೆ ಹೋದ ಮೇಲೆ ಹುಡುಗ ಬಂದು ಪುಸ್ತಕಕ್ಕೆ ಬಗ್ಗಿದ. "ಅಂಕಲ್, ಎಷ್ಟು ಎಂ?" ನಾಲ್ಕು ಅಂದೆ. ಜೇಬಿಂದ ಫೋನ್ ತೆಗೆದು ಆ ಪುಟದ ಫೋಟೋ ಹೊಡೆದುಕೊಂಡ.