ಅಜ್ಟೆಕರ ಮನೆ, ಅಡುಗೆ, ಸಂತೆ: ಮೆಕ್ಸಿಕೊ ನಗರಕ್ಕೆ ಹೊರಡುವವರಿಗೆ

ಮೆಕ್ಸಿಕೊ ನಗರಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮೊದಲು ಓಡುವುದು ಊರಾಚೆಯ ತೆಯೋತಿವಾಕಾನ್ ಪಿರಮಿಡ್‌ಗಳಿಗೆ. ಅಲ್ಲಿ ಫೋಟೊ ತೆಗೆಸಿಕೊಂಡು, ಅಜ್ಟೆಕರನ್ನು ನೋಡಿ ಬಂದೆವು ಎನ್ನುತ್ತಾರೆ. ಆ ಪಿರಮಿಡ್‌ಗಳನ್ನು ಕಟ್ಟಿದವರು ಅಜ್ಟೆಕರಲ್ಲ. ಸ್ಪ್ಯಾನಿಷರಿಗಿಂತ ಮೊದಲು ಇಲ್ಲಿ ಆಳಿದ ಅವರು ಆ ಕಣಿವೆಗೆ ಬರುವ ಹೊತ್ತಿಗೆ ತೆಯೋತಿವಾಕಾನ್ ಪಾಳುಬಿದ್ದು ಶತಮಾನಗಳೇ ಕಳೆದಿದ್ದವು. ದೇವತೆಗಳ ನೆಲೆಯೆಂದು ಭಾವಿಸಿ ಅಜ್ಟೆಕರೂ ಅಲ್ಲಿಗೆ ಭಕ್ತಿಯಿಂದ ಹೋಗುತ್ತಿದ್ದರು. ಅವರ ಸ್ವಂತ ರಾಜಧಾನಿ ತೆನೊಚ್‌ಟಿಟ್ಲಾನ್ ಈಗಿನ ಮಹಾನಗರದ ನಟ್ಟನಡುವಿನ ರಸ್ತೆ, ಚರ್ಚು, ಮೆಟ್ರೊಗಳ ಅಡಿಯಲ್ಲಿದೆ. ಸಂಪ್ರದಾಯದ ಲೆಕ್ಕದಂತೆ 1325ರಲ್ಲಿ ಸರೋವರದ ನಡುಗಡ್ಡೆಯ ಮೇಲೆ ಹುಟ್ಟಿದ ಊರು ಅದು. ಮೆಶೀಕಾ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದ ಆ ಜನ ಹೇಗೆ ಉಂಡರು, ಮಕ್ಕಳನ್ನು ಹೇಗೆ ಬೆಳೆಸಿದರು, ಸಂತೆಯಲ್ಲಿ ಏನು ಕೊಂಡರು ಎಂದು ತಿಳಿಯುವ ಆಸೆ ನಿಮಗಿದ್ದರೆ ಊರೊಳಗೇ ನಾಲ್ಕು ಜಾಗಗಳಿವೆ. ಅವುಗಳಿಗೆ ಸಮಯ ಎತ್ತಿಡಿ, ಪಿರಮಿಡ್‌ಗಳು ಕೊನೆಗಿರಲಿ.

ಮೊದಲು ಪ್ರಯಾಣದ ಮಾತು. ಭಾರತದಿಂದ ನೇರ ವಿಮಾನವಿಲ್ಲ. ಯುರೋಪ್ ಅಥವಾ ಅಮೆರಿಕದ ಮೂಲಕ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಅದಕ್ಕೂ ಅಲ್ಲಿನ ವೀಸಾ ಬೇಕಾಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವವರಿಗೆ ಮೆಕ್ಸಿಕೊ ವಿನಾಯಿತಿ ಕೊಡುತ್ತಾ ಬಂದಿದೆ. ಆದರೂ ಟಿಕೆಟ್ ತೆಗೆಯುವ ಮೊದಲು ದೆಹಲಿಯ ರಾಯಭಾರ ಕಚೇರಿಯ ಜಾಲತಾಣ ನೋಡಿ ಖಚಿತಪಡಿಸಿಕೊಳ್ಳಿ. ನಗರ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ತಲೆನೋವೂ ಕಾಣಿಸಿಕೊಳ್ಳಬಹುದು. ನೀರು ಚೆನ್ನಾಗಿ ಕುಡಿಯಿರಿ, ಆ ದಿನ ಸುಮ್ಮನೆ ಬೀದಿ ಸುತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಕಳೆದ ಮೇಲೆ ಮಳೆ ಸುರಿಯುವುದರಿಂದ ಬಯಲಿನ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ಸೋಮವಾರ ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ. ಭಾನುವಾರ ಸ್ಥಳೀಯರಿಗೆ ಪ್ರವೇಶ ಉಚಿತವಾದ್ದರಿಂದ ಕಾಲಿಡಲೂ ಜಾಗವಿರುವುದಿಲ್ಲ.

ನೋಡುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಚಪುಲ್ತೆಪೆಕ್ ಉದ್ಯಾನದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯವೇ ಮೊದಲು. ಮೆಟ್ರೊ 7ನೇ ಮಾರ್ಗದ ಔದಿತೋರಿಯೊ ನಿಲ್ದಾಣದಲ್ಲಿ ಇಳಿದು ನಡೆಯಬಹುದು. 1964ರಲ್ಲಿ ತೆರೆದ ಈ ಕಟ್ಟಡವನ್ನು ಒಂದೇ ದಿನದಲ್ಲಿ ಪೂರ್ತಿ ನೋಡುತ್ತೇನೆಂದು ಹೊರಟರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಬಾಗಿಲು ತೆರೆಯುತ್ತಿದ್ದಂತೆ ಒಳಹೊಕ್ಕು, ಅಂಗಳ ದಾಟಿ ನೇರವಾಗಿ ಎದುರಿನ ಮೆಶೀಕಾ ಸಭಾಂಗಣಕ್ಕೆ ಹೋಗಿ. ಜನರೆಲ್ಲ ಸೂರ್ಯಶಿಲೆಯ ಮುಂದೆ ಸೇರುತ್ತಾರೆ. ಸೇರಬೇಕಾದದ್ದೇ: 3.6 ಮೀಟರ್ ವ್ಯಾಸದ, ಸುಮಾರು 24 ಟನ್ ತೂಕದ ಕಲ್ಲು, 1790ರಲ್ಲಿ ನಗರದ ಮುಖ್ಯ ಚೌಕದಲ್ಲಿ ಸಿಕ್ಕಿದ್ದು. ಆದರೆ ಅದೇ ಸಭಾಂಗಣದಲ್ಲಿ ಟ್ಲಾಟೆಲೊಲ್ಕೊ ಸಂತೆಯ ದೊಡ್ಡ ಮಾದರಿಯೊಂದಿದೆ, ಅದರ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಅಂಗೈ ಅಗಲದ ಚಾಪೆಗಳ ಮೇಲೆ ಬುಟ್ಟಿ, ಮಡಕೆ, ಹಣ್ಣು, ಬಟ್ಟೆ. ಅವುಗಳ ಹಿಂದೆ ಕುಳಿತ ಪುಟ್ಟ ಪುಟ್ಟ ಮಾರಾಟಗಾರರು. ಒಂದೊಂದು ಸರಕಿಗೂ ಬೇರೆ ಬೇರೆ ಸಾಲು.

ನನ್ನ ಜೊತೆ ಬಂದಿದ್ದ ಅಮ್ಮ ಸೂರ್ಯಶಿಲೆಯನ್ನು ನೋಡಿ ಮುಂದೆ ಸರಿದವರು, ಮೆತಾತೆ ಎಂಬ ಅರೆಯುವ ಕಲ್ಲಿನ ಮುಂದೆ ನಿಂತುಬಿಟ್ಟರು. ಮೂರು ಕಾಲುಗಳ, ನಡುವೆ ತುಸು ತಗ್ಗಾದ ಇಳಿಜಾರು ಕಲ್ಲು, ಮೇಲೆ ಅಡ್ಡಲಾಗಿ ಉದ್ದನೆಯ ಗುಂಡು. ನಮ್ಮ ಹಳೆಯ ಮನೆಗಳ ಚಟ್ನಿ ಅರೆಯುವ ಕಲ್ಲಿನಂತೆಯೇ ಎರಡು ಕೈಯಲ್ಲಿ ಗುಂಡು ಹಿಡಿದು ಮುಂದಕ್ಕೆ ತಳ್ಳುವುದು, ಹಿಂದಕ್ಕೆ ಎಳೆಯುವುದು. ಮಂಡಿಯೂರಿ ಕುಳಿತು ಮಾಡುವ ಕೆಲಸ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ಇದರಲ್ಲಿ ಅರೆಯುತ್ತಿದ್ದರು. ಸುಣ್ಣ ಸೇರಿದಾಗ ಜೋಳದಲ್ಲಿರುವ ನಯಾಸಿನ್ ಜೀವಸತ್ವ ಮೈಗೆ ಹತ್ತುತ್ತದೆ. ಈ ಪದ್ಧತಿಯನ್ನು ಕಲಿಯದೆ ಬರೀ ಜೋಳವನ್ನು ಒಯ್ದು ಅದನ್ನೇ ನೆಚ್ಚಿ ಬದುಕಿದ ಯುರೋಪಿನ ಬಡವರು ಪೆಲಾಗ್ರ ರೋಗಕ್ಕೆ ತುತ್ತಾದರು. ಹೆಣ್ಣುಮಕ್ಕಳು ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಅರೆದರೆ ಮಾತ್ರ ಮನೆಯವರಿಗೆ ರೊಟ್ಟಿ. ಒಂದು ಸಾಮ್ರಾಜ್ಯ ನಿಂತದ್ದು ಆ ಮಂಡಿ ಮತ್ತು ಬೆನ್ನುಗಳ ಬಲದ ಮೇಲೆ ಎಂದು ನಾನು ನಂಬುತ್ತೇನೆ.

ಹೊರಡುವ ಮೊದಲು ಊರಿನಲ್ಲಿಯೇ ಮಾಡಬಹುದಾದ ಒಂದು ಕೆಲಸವಿದೆ. ಸ್ಪ್ಯಾನಿಷರು ಈ ನಾಡನ್ನು ಗೆದ್ದ ಬಳಿಕದ ಒಂದೆರಡು ದಶಕಗಳಲ್ಲಿ ಸ್ಥಳೀಯ ಚಿತ್ರಕಾರರು ಬರೆದ ಮೆಂಡೋಜಾ ಹಸ್ತಪ್ರತಿಯ ಚಿತ್ರಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೂಲ ಪ್ರತಿ ಆಕ್ಸ್‌ಫರ್ಡ್‌ನಲ್ಲಿದೆ. ಅದರ ಮೂರನೆಯ ಭಾಗದಲ್ಲಿ ಮಕ್ಕಳನ್ನು ಬೆಳೆಸುವ ಬಗೆ ವರ್ಷವರ್ಷಕ್ಕೂ ಚಿತ್ರವಾಗಿದೆ. 3 ವರ್ಷದ ಮಗುವಿನ ಮೇಲುಗಡೆ ಅರ್ಧ ರೊಟ್ಟಿ, 4ಕ್ಕೆ ಒಂದು, 6ಕ್ಕೆ ಒಂದೂವರೆ, 13ಕ್ಕೆ ಎರಡು: ಇದು ಅವರ ಊಟದ ಪಾಲು. ಹುಡುಗರು ನೀರು ಹೊರುವುದರಿಂದ ಆರಂಭಿಸಿ 14ಕ್ಕೆ ದೋಣಿಯಲ್ಲಿ ಮೀನು ಹಿಡಿಯುತ್ತಾರೆ. ಅದೇ ವಯಸ್ಸಿಗೆ ಹುಡುಗಿಯರು ಮಗ್ಗದ ಮುಂದೆ ಕೂರುತ್ತಾರೆ. ಮಾತು ಕೇಳದ 11ರ ಹುಡುಗನನ್ನು ತಂದೆ ಒಣಮೆಣಸಿನಕಾಯಿಯ ಹೊಗೆಯ ಮೇಲೆ ಹಿಡಿದಿರುವ ಚಿತ್ರವೂ ಉಂಟು, ಕಣ್ಣೀರಿನ ಹನಿ ಸಮೇತ. ಇದನ್ನು ನೋಡಿಕೊಂಡು ಹೋದರೆ ಗಾಜಿನ ಹಿಂದಿನ ಕದಿರು, ಬಟ್ಟಲು, ರೊಟ್ಟಿ ಸುಡುವ ಹೆಂಚು ಯಾರ ಕೈಯಲ್ಲಿದ್ದವು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮುಂದಿನದು ಟೆಂಪ್ಲೊ ಮಯೋರ್, ಅಂದರೆ ಮಹಾದೇವಾಲಯ. 2ನೇ ಮಾರ್ಗದ ಸೊಕಾಲೊ ನಿಲ್ದಾಣದಲ್ಲಿ ಇಳಿಯಿರಿ. ನಿಲ್ದಾಣದೊಳಗೇ ಹಳೆಯ ನಗರದ ಮಾದರಿಗಳಿವೆ, ನೋಡಿಕೊಂಡೇ ಮೇಲೆ ಬನ್ನಿ. 1978ರ ಫೆಬ್ರುವರಿಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ರಾತ್ರಿ ಅಗೆಯುತ್ತಿದ್ದಾಗ ಕೊಯೊಲ್ಶೌಕಿ ದೇವತೆಯ ದುಂಡುಶಿಲೆ ಸಿಕ್ಕಿ, ಪುರಾತತ್ವಜ್ಞ ಎದ್ವಾರ್ದೊ ಮಾತೊಸ್ ಮೊಕ್ತೆಸುಮಾ ಅವರ ನೇತೃತ್ವದಲ್ಲಿ ಉತ್ಖನನ ಆರಂಭವಾಯಿತು. ಒಂದರ ಮೇಲೊಂದು ಹೊದಿಸಿದಂತೆ ಗುಡಿಯನ್ನು ಮತ್ತೆ ಮತ್ತೆ ದೊಡ್ಡದಾಗಿಸಿದ್ದರಿಂದ ಮೆಟ್ಟಿಲಿನ ಹಿಂದೆ ಮೆಟ್ಟಿಲು ಕಾಣುತ್ತದೆ. ತುದಿಯಲ್ಲಿದ್ದ ಜೋಡಿ ಗರ್ಭಗುಡಿಗಳಲ್ಲಿ ಒಂದು ಯುದ್ಧದೇವತೆ ವಿಟ್ಸಿಲೊಪೊಚ್ಟ್ಲಿಯದು, ಇನ್ನೊಂದು ಮಳೆದೇವತೆ ಟ್ಲಾಲೊಕ್‌ನದು. ಗೆದ್ದು ತರುವುದು, ಬೆಳೆದು ಉಣ್ಣುವುದು ಎರಡಕ್ಕೂ ಒಂದೇ ಪೀಠ. ಇಲ್ಲಿ ನೆರಳು ಕಡಿಮೆ, ಟೋಪಿ ಇರಲಿ. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಕಾಣಿಕೆಯಾಗಿ ಹೂತಿಟ್ಟಿದ್ದ ಹವಳ, ಶಂಖ, ಮೀನಿನ ಮೂಳೆಗಳಿವೆ. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ, ಎಲ್ಲವೂ ಆಳುಗಳ ಬೆನ್ನ ಮೇಲೆ ಬಂದದ್ದು, ಏಕೆಂದರೆ ಹೊರೆ ಎಳೆಯುವ ಪ್ರಾಣಿಗಳೇ ಅವರಲ್ಲಿರಲಿಲ್ಲ.

ಇಲ್ಲಿ ಸಿಗುವ ಮಾರ್ಗದರ್ಶಕರಲ್ಲಿ ಕೆಲವರು ನರಬಲಿಯ ಕಥೆ ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಬಲಿ ನಡೆದದ್ದು ನಿಜ; 2015ರಲ್ಲಿ ಪಕ್ಕದ ಬೀದಿಯಲ್ಲೇ ತಲೆಬುರುಡೆಗಳ ಅಟ್ಟಣೆ ಸಿಕ್ಕಿತು, ಅದರಲ್ಲಿ ಹೆಂಗಸರ, ಮಕ್ಕಳ ಬುರುಡೆಗಳೂ ಇದ್ದವು. ಅದನ್ನು ಮರೆಮಾಚಬಾರದು. ಆದರೆ ಹುಡುಗರನ್ನು ಕಡ್ಡಾಯವಾಗಿ ಶಾಲೆಗೆ ಕಳುಹಿಸುತ್ತಿದ್ದ, ಬೀದಿಗಳನ್ನು ಗುಡಿಸುತ್ತಿದ್ದ, ಮಲವನ್ನು ದೋಣಿಗಳಲ್ಲಿ ಒಯ್ದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದ, ಹೆರಿಗೆಯಲ್ಲಿ ಸತ್ತ ತಾಯಿಗೆ ಯುದ್ಧದಲ್ಲಿ ಮಡಿದ ವೀರನ ಗೌರವ ಕೊಡುತ್ತಿದ್ದ ಜನರ ಬಗ್ಗೆ ಒಂದು ಮಾತೂ ಆಡದೆ ರಕ್ತವನ್ನಷ್ಟೇ ವರ್ಣಿಸಿದರೆ ನನಗೆ ಸಿಟ್ಟು ಬರುತ್ತದೆ. ಮಾತು ಕುದುರಿಸುವಾಗಲೇ ಮನೆ, ಶಾಲೆ, ಊಟದ ಬಗ್ಗೆ ಹೇಳುತ್ತೀರಾ ಎಂದು ಕೇಳಿ ಗೊತ್ತುಮಾಡಿಕೊಳ್ಳಿ. ವಾಪಸಾಗುವಾಗ ಪಿನೊ ಸುವಾರೆಸ್ ನಿಲ್ದಾಣದಲ್ಲಿ ಮೆಟ್ರೊ ಬದಲಿಸಿದರೆ ದಾರಿಯಲ್ಲೇ ಗಾಳಿದೇವತೆಯ ದುಂಡನೆಯ ಪುಟ್ಟ ಗುಡಿಯೊಂದು ಸಿಗುತ್ತದೆ. ಸುರಂಗ ತೋಡುವಾಗ ಸಿಕ್ಕಿದ್ದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಟ್ಲಾಟೆಲೊಲ್ಕೊಗೆ (3ನೇ ಮಾರ್ಗ, ಅದೇ ಹೆಸರಿನ ನಿಲ್ದಾಣ) ಪ್ರವಾಸಿಗರು ಬರುವುದು ಕಡಿಮೆ. ದಿನಕ್ಕೆ ಅರವತ್ತು ಸಾವಿರ ಜನ ಸೇರುತ್ತಾರೆಂದು ಸ್ಪ್ಯಾನಿಷ್ ದಂಡನಾಯಕ ಕೊರ್ತೆಸ್ ಬರೆದ ಸಂತೆ ನಡೆಯುತ್ತಿದ್ದುದು ಇಲ್ಲಿ. ಚಿಲ್ಲರೆಯ ಬದಲು ಕೊಕೊ ಬೀಜ, ದೊಡ್ಡ ವ್ಯವಹಾರಕ್ಕೆ ಹತ್ತಿಯ ಬಟ್ಟೆ. ಸ್ಪ್ಯಾನಿಷರು ಬಂದ ಮೇಲಿನ, 1545ರ ಒಂದು ದರಪಟ್ಟಿಯಲ್ಲಿ ದೊಡ್ಡ ಟೊಮೆಟೊಗೆ ಒಂದು ಬೀಜ, ಆಗತಾನೆ ಕಿತ್ತ ಬೆಣ್ಣೆಹಣ್ಣಿಗೆ ಮೂರು. ಸಿಪ್ಪೆಯೊಳಗೆ ಹಿಟ್ಟು ತುಂಬಿ ಖೋಟಾ ಬೀಜ ಮಾರುವವರೂ ಇದ್ದರಂತೆ. ಸಂತೆಯಲ್ಲಿಯೇ ನ್ಯಾಯಾಧೀಶರು ಕುಳಿತು ತೀರ್ಪು ಕೊಡುತ್ತಿದ್ದರು. 1521ರ ಆಗಸ್ಟ್ 13ರಂದು ಕೊನೆಯ ಅರಸ ಕ್ವಾಟೆಮೊಕ್ ಸೆರೆಯಾಗಿ ಎಲ್ಲ ಮುಗಿದದ್ದೂ ಇಲ್ಲಿಯೇ. ಗುಡಿಯ ಅವಶೇಷ, ಅದರ ಕಲ್ಲುಗಳಿಂದಲೇ ಕಟ್ಟಿದ ಚರ್ಚು, ಸುತ್ತಲಿನ ವಸತಿ ಕಟ್ಟಡಗಳು ಒಂದೇ ನೋಟಕ್ಕೆ ಸಿಗುತ್ತವೆ. ಒಂದೂವರೆ ಗಂಟೆ ಸಾಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೇಯಿಸಿದ ಅವರೆಯಂಥ ಕಾಳಿಗೂ, ತಮಾಲ್ ಕಡುಬಿನ ಹಿಟ್ಟಿಗೂ ಹಂದಿಕೊಬ್ಬು ಹಾಕುವುದುಂಟು. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದಷ್ಟೇ ಆಯಿತು. ‘ಸಿನ್ ಮಾಂತೆಕಾ’ ಎಂದೂ ಸೇರಿಸಿ. ಕುಂಬಳ ಹೂವು, ಪಾಪಾಸುಕಳ್ಳಿಯ ಎಲೆ, ಮೆಕ್ಕೆಜೋಳದ ಮೇಲೆ ಬೆಳೆಯುವ ಕಪ್ಪು ಬೂಷ್ಟು ತುಂಬಿದ ರೊಟ್ಟಿಗಳು ಬೀದಿಬದಿಯಲ್ಲೇ ಸಿಗುತ್ತವೆ. ಇವೆಲ್ಲ ಆ ಕಾಲದಿಂದ ಬಂದ ತಿನಿಸುಗಳು. ನಾವು ನಮ್ಮದೆಂದುಕೊಂಡ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಅಮೆರಿಕ ಖಂಡದಿಂದ. ಅಲ್ಲಿನ ಒಣಮೆಣಸಿನ ಅಂಗಡಿಯ ಸಾಲುಗಳ ಮುಂದೆ ನಿಂತರೆ ಎಷ್ಟು ಬಗೆ ನಮಗೆ ಬಂದೇ ಇಲ್ಲ ಎಂದು ತಿಳಿಯುತ್ತದೆ.

ಕೊನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ದಕ್ಷಿಣದ ಸೊಚಿಮಿಲ್ಕೊ. ಮೆಟ್ರೊದಲ್ಲಿ ತಸ್ಕೇನ್ಯಾವರೆಗೆ ಹೋಗಿ ಲಘು ರೈಲು ಹಿಡಿಯಬೇಕು. ಸಂಗೀತ ಮೇಳದ ಬಣ್ಣದ ದೋಣಿಗಳಿಗೆ ವಾರಾಂತ್ಯದಲ್ಲಿ ಜಾತ್ರೆಯಷ್ಟು ಜನ. ಅದು ಬೇಡವೆಂದರೆ ವಾರದ ನಡುವೆ, ಬೆಳಿಗ್ಗೆ ಬೇಗ, ಕುವೆಮಾಂಕೊ ದೋಣಿಕಟ್ಟೆಗೆ ಹೋಗಿ ಬೇಸಾಯದ ದ್ವೀಪಗಳನ್ನು, ಅಂದರೆ ಚಿನಾಂಪಗಳನ್ನು, ನೋಡಬೇಕೆಂದು ಕೇಳಿ. ತೇಲುವ ತೋಟಗಳೆಂದು ಎಲ್ಲರೂ ಬರೆಯುತ್ತಾರೆ, ಅವು ತೇಲುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಕೆಸರು, ಜೊಂಡು ಒಟ್ಟಿ ಎತ್ತರಿಸಿದ ಹೊಲಗಳವು, ಅಂಚು ಕುಸಿಯದಂತೆ ವಿಲೋ ಮರಗಳನ್ನು ಸಾಲಾಗಿ ನೆಟ್ಟಿದ್ದಾರೆ. ನಾವು ಹೋದಾಗ ರೈತರೊಬ್ಬರು ಕಾಲುವೆಯ ತಳದ ಕೆಸರನ್ನು ಮೊಗೆದು ದಂಡೆಯ ಮೇಲೆ ಹರಡಿದ್ದರು. ಅದು ತುಸು ಆರಿ ಗಟ್ಟಿಯಾದ ಮೇಲೆ ಚಾಕುವಿನಿಂದ ಚೌಕ ಚೌಕವಾಗಿ ಗೀರಿ, ಪ್ರತಿ ಚೌಕದ ನಡುವೆ ಬೆರಳಿನಿಂದ ಗುಳಿ ಮಾಡಿ ಒಂದೊಂದು ಬೀಜ ಇಟ್ಟು ಒಣಗೊಬ್ಬರ ಉದುರಿಸಿದರು. ಮೊಳೆತ ಮೇಲೆ ಆ ಚೌಕವನ್ನು ಹಾಗೆಯೇ ಎತ್ತಿ ನಾಟಿ ಮಾಡುತ್ತಾರೆ, ಬೇರಿಗೆ ನೋವಾಗುವುದಿಲ್ಲ. ತೆನೊಚ್‌ಟಿಟ್ಲಾನ್ ಉಂಡದ್ದು ಇಂಥ ಹೊಲಗಳ ಬೆಳೆಯನ್ನೇ.

ದೋಣಿಯ ಬಾಡಿಗೆ ಗಂಟೆಯ ಲೆಕ್ಕದಲ್ಲಿ, ಇಡೀ ದೋಣಿಗೆ. ತಲೆಗಿಷ್ಟು ಎಂದು ಕೇಳಿದರೆ ಒಪ್ಪಬೇಡಿ. ಕಟ್ಟೆಯಲ್ಲಿ ಅಧಿಕೃತ ದರದ ಫಲಕ ಇರುತ್ತದೆ, ಹತ್ತುವ ಮೊದಲೇ ಓದಿ, ಎಷ್ಟು ಗಂಟೆ ಎಂದೂ ಗೊತ್ತುಮಾಡಿಕೊಳ್ಳಿ. ಹೊಲಗಳವರೆಗೆ ಹೋಗಿ ಬರಲು ಎರಡು ಗಂಟೆ ಸಾಲುವುದಿಲ್ಲ, ಮೂರಾದರೂ ಬೇಕು. ರೈತರಿಂದ ನೇರವಾಗಿ ಸೊಪ್ಪು, ಮೂಲಂಗಿ ಕೊಳ್ಳುವ ಅವಕಾಶ ಸಿಕ್ಕರೆ ಬಿಡಬೇಡಿ. ನೀರು ಕೆಟ್ಟು, ಮನೆಗಳು ಒತ್ತರಿಸಿ ಬಂದು, ಈ ಬೇಸಾಯ ಬಿಡುವವರು ಹೆಚ್ಚಾಗುತ್ತಿದ್ದಾರೆ. ಚಿಲ್ಲರೆ ಪೆಸೊ ಜೊತೆಗಿರಲಿ, ಅಲ್ಲಿ ಕಾರ್ಡ್ ನಡೆಯುವುದಿಲ್ಲ.