"ಕೂಡೋದಾ ಕಳೆಯೋದಾ ಮಿಸ್?"

ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೇಳಿಕೆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಹಿಂದಿನಿಂದ ಈ ಪ್ರಶ್ನೆ ಬಂದುಬಿಡುತ್ತಿತ್ತು. ಲೆಕ್ಕ ಯಾರೂ ಓದಿರುತ್ತಿರಲಿಲ್ಲ. ಎರಡು ಅಂಕಿ ಕಂಡರೆ ಸಾಕು, ಏನು ಮಾಡಬೇಕು ಅಂತ ಹೇಳಿಬಿಡಿ, ಮಾಡಿ ಬಿಸಾಕ್ತೀವಿ ಅನ್ನೋ ಹಾಗೆ.

ಬಹಳ ದಿನ ಇದನ್ನು ಸೋಮಾರಿತನ ಅಂದುಕೊಂಡಿದ್ದೆ. ಒಂದು ದಿನ ಈ ಲೆಕ್ಕ ಕೊಟ್ಟೆ: ರವಿ ಹತ್ತಿರ 35 ಗೋಲಿ ಇವೆ. ಅದು ಸಲೀಮನ ಹತ್ತಿರ ಇರುವುದಕ್ಕಿಂತ 12 ಜಾಸ್ತಿ. ಸಲೀಮನ ಹತ್ತಿರ ಎಷ್ಟಿವೆ? ಮುಕ್ಕಾಲು ಪಾಲು ಮಕ್ಕಳು 47 ಬರೆದರು. "ಅದು ಹೇಗೆ?" ಅಂದೆ. "ಜಾಸ್ತಿ ಅಂತ ಇದೆಯಲ್ಲ ಮಿಸ್" ಅಂತ ಗೋಡೆ ಕಡೆ ಕೈ ತೋರಿಸಿದರು. ಅಲ್ಲಿತ್ತು ನನ್ನದೇ ಚಾರ್ಟ್, ಸ್ಕೆಚ್ ಪೆನ್ನಿನಲ್ಲಿ ಕಷ್ಟಪಟ್ಟು ಬರೆದದ್ದು: 'ಒಟ್ಟು, ಜಾಸ್ತಿ ಅಂದರೆ ಕೂಡು. ಉಳಿದದ್ದು, ಕಡಿಮೆ ಅಂದರೆ ಕಳೆ.' ಸಂಜೆ ಅದನ್ನು ಕಿತ್ತೆ. ಟೇಪಿನ ಜೊತೆ ಒಂದಿಷ್ಟು ಸುಣ್ಣವೂ ಬಂತು.

ಮಾರನೇ ದಿನದಿಂದ ಎಲ್ಲದಕ್ಕೂ "ಯಾಕೆ, ಹೇಳು" ಶುರು ಮಾಡಿದೆ. ಕೊನೇ ಬೆಂಚಿನ ಹುಡುಗನೊಬ್ಬನ ಉತ್ತರ ಸರಿಯಾಗಿಯೇ ಇತ್ತು. ನಾನು ಯಾಕೆ ಅಂದಿದ್ದೇ ತಡ, ರಬ್ಬರ್ ತೆಗೆದು ಅಳಿಸಿಬಿಟ್ಟ.

"ಸರಿ ಇತ್ತಲ್ಲೋ!"

"ನೀವು ಯಾಕೆ ಅಂದ್ರಲ್ಲ ಮಿಸ್."

ಇಷ್ಟು ವರ್ಷ ನಾನು ತಪ್ಪಾದಾಗ ಮಾತ್ರ ಯಾಕೆ ಅಂತ ಕೇಳಿದ್ದೆ. ಅವರಿಗೆ ಅದು ಪ್ರಶ್ನೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಬೈಗುಳದ ಹಾಗೆ ಕೇಳಿಸುತ್ತಿತ್ತು.

ಆಮೇಲೆ ಸರಿ ಬರೆದವರನ್ನೇ ಮೊದಲು ಕೇಳತೊಡಗಿದೆ. ಗಣಿತದ ಪೀರಿಯಡ್ಡಿನಲ್ಲಿ ರಬ್ಬರ್ ಬ್ಯಾಗಿನೊಳಗೆ. ತಪ್ಪಾದರೆ ಒಂದು ಗೆರೆ ಎಳೆದು ಕೆಳಗೆ ಬರೆಯಬೇಕು.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅಂಕಿ ತೆಗೆದುಹಾಕಿದ್ದು. ಅದೇ ಗೋಲಿ ಲೆಕ್ಕವನ್ನು ಹೀಗೆ ಬರೆದೆ: ರವಿ ಹತ್ತಿರ ಒಂದಿಷ್ಟು ಗೋಲಿ ಇವೆ. ಅದು ಸಲೀಮನ ಹತ್ತಿರ ಇರುವುದಕ್ಕಿಂತ ಸ್ವಲ್ಪ ಜಾಸ್ತಿ. ಕೂಡೋಕೆ ಏನೂ ಇಲ್ಲ. ತರಗತಿ ಸುಮ್ಮನಾಯಿತು. "ಯಾರ ಹತ್ತಿರ ಕಡಿಮೆ?" ಅಂದೆ. "ಸಲೀಮ!" ಒಬ್ಬಳು ಬಂದು ಬೋರ್ಡಿನ ಮೇಲೆ ಎರಡು ಗೆರೆ ಎಳೆದಳು, ರವಿಯದು ಉದ್ದ, ಸಲೀಮನದು ಗಿಡ್ಡ. ಆಮೇಲೆ 35, 12 ಬರೆದೆ. 47 ಅಂತ ಒಬ್ಬರೂ ಹೇಳಲಿಲ್ಲ.

ಬರೆಸುವುದು ಮಾತ್ರ ನಿಧಾನ. ಮೊದಮೊದಲು 'ಯಾಕಂದರೆ ನಾನು ಕಳೆದೆ' ಅಂತ ಬರೆದುಕೊಟ್ಟರು. ಅದು ಮಾಡಿದ್ದು, ಕಾರಣ ಅಲ್ಲ. 'ಸಲೀಮನ ಹತ್ತಿರ ಕಡಿಮೆ ಇವೆ, ಅದಕ್ಕೆ ಕಳೆದೆ' ಅಂತ ಬರೋಕೆ ಎರಡು ತಿಂಗಳು ಹಿಡಿಯಿತು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡೋ ಮಕ್ಕಳಿದ್ದಾರೆ. ಮೊದಲು ಪಕ್ಕದವರಿಗೆ ನಿಮ್ಮ ಭಾಷೆಯಲ್ಲೇ ಹೇಳಿ ಅಂದ ಮೇಲೆ ಬಾಯಿ ಬಿಟ್ಟರು. ಪೀರಿಯಡ್ಡಿಗೆ ಹತ್ತು ಲೆಕ್ಕ ಆಗುತ್ತಿದ್ದದ್ದು ಈಗ ಮೂರಾದರೆ ಹೆಚ್ಚು. ಪಾಠ ಹಿಂದೆ ಬಿದ್ದಿದೆ, ನಿಜ.

ಇನ್ನೊಂದು ಲೆಕ್ಕದ ವಿಷಯ ಹೇಳಲೇಬೇಕು. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 1128 ಸೈನಿಕರು, ಬಸ್ಸಿಗೆ 36 ಜನ, ಎಷ್ಟು ಬಸ್ ಬೇಕು? ಭಾಗಾಕಾರ ಸರಿ ಮಾಡಿಯೂ '31, ಶೇಷ 12' ಅಂತ ಉತ್ತರ ಬರೆದವರು ಬಹಳ ಮಂದಿ. ಶೇಷ ಅಂದರೆ ರಸ್ತೆಯಲ್ಲಿ ಉಳಿದ ಜನ ಅಂತ ಹೊಳೆಯಲಿಲ್ಲ. ಅದನ್ನೇ ನಮ್ಮೂರಿಗೆ ಹೊಂದಿಸಿ ಕಿರುಪರೀಕ್ಷೆಗೆ ಹಾಕಿದೆ: ತಾರಾಲಯ ನೋಡಲು 130 ಮಕ್ಕಳು, ಒಂದು ಬಸ್ಸಿನಲ್ಲಿ 40 ಸೀಟು.

ಒಬ್ಬಳು 3 ಬಸ್ ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಇಂಟು ಹಾಕಿಯೂ ಆಗಿತ್ತು, ಆಮೇಲೆ ಕೆಳಗಿನ ಸಾಲು ಓದಿದೆ: 'ಉಳಿದ 10 ಜನ ನಿಂತುಕೊಂಡು ಹೋಗುತ್ತಾರೆ, ಯಾಕಂದರೆ ಬಿಎಂಟಿಸಿಯಲ್ಲಿ ಹಾಗೇ ಹೋಗುವುದು.'

ಇಂಟು ಹೊಡೆದುಹಾಕಿ ಪೂರ್ತಿ 2 ಅಂಕ ಕೊಟ್ಟೆ. ಹೆಡ್ ಮಿಸ್ ಪೇಪರ್ ನೋಡಿ "ಉತ್ತರ 4 ಅಲ್ವೇನ್ರೀ?" ಅಂದರು. ಆ ಸಾಲು ತೋರಿಸಿದೆ. ಓದಿ ನಕ್ಕರು. ಸಂಜೆ ಅವರು ಹತ್ತೋ ಬಸ್ಸೂ ಅಂಥದ್ದೇ.